ಕಣ್ಣು ಕೆಂಪಾದರೆಲ್ಲ ಮದ್ರಾಸ್ ಐ ಅಲ್ಲ

"ಕಣ್ಣು ಕೆಂಪಾಗಿ ನೋಯುತ್ತಿದ್ದರೆ ಅದು ಮದ್ರಾಸ್ ಐ, ನಂದಿಬಟ್ಟಲು ಹೂವಿನ ರಸ ಬಿಡಿ." ಕೋಲಾರದ ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿರುವ ಈ ಮಾತು ತಪ್ಪು. ನಾನೂ ಫಾರ್ವರ್ಡ್ ಮಾಡಿದ್ದೆ, ಕ್ಷಮಿಸಿ.

ಕಣ್ಣಿನ ಬಿಳಿ ಗೋಡೆಗೇ ಉರಿಯೂತ ಬಂದರೂ ಕಣ್ಣು ಕೆಂಪಾಗುತ್ತದೆ. ಇದು ಸ್ಕ್ಲೆರೈಟಿಸ್. ಹೆಚ್ಚಿನ ಸಲ ಸೋಂಕಲ್ಲ, ಅಂಟುವುದೂ ಇಲ್ಲ. ಮದ್ರಾಸ್ ಐನಲ್ಲಿ ಮರಳು ಬಿದ್ದ ಹಾಗೆ ಚುಚ್ಚುತ್ತದೆ, ಗೀಜು ಬರುತ್ತದೆ. ಸ್ಕ್ಲೆರೈಟಿಸ್‌ನಲ್ಲಿ ಆಳದ ನೋವು. ಹಣೆ, ದವಡೆವರೆಗೂ ಹರಡುತ್ತದೆ, ರಾತ್ರಿ ನಿದ್ದೆಯಿಂದ ಎಬ್ಬಿಸುತ್ತದೆ. ಎಷ್ಟೋ ಜನರಲ್ಲಿ ರುಮಟಾಯ್ಡ್ ಸಂಧಿವಾತದಂಥ ಕಾಯಿಲೆ ಜೊತೆಗಿರುತ್ತದೆ.

ಬರೀ ಡ್ರಾಪ್ಸ್ ಸಾಮಾನ್ಯವಾಗಿ ಸಾಲದು. ಉರಿಯೂತ ತಗ್ಗಿಸುವ ಮಾತ್ರೆ ಬೇಕು. ಜಾಸ್ತಿಯಾದರೆ ಸ್ಟೆರಾಯ್ಡ್, ಇಲ್ಲವೇ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಮೆಥೊಟ್ರೆಕ್ಸೇಟ್‌ನಂಥ ಔಷಧಿ. ತಡ ಮಾಡಿದರೆ ದೃಷ್ಟಿಗೇ ಅಪಾಯ, ಸುಮ್ನೆ ಹೆದರಿಸುತ್ತಿಲ್ಲ.

ದಯವಿಟ್ಟು ಆ ಮೆಸೇಜ್ ಮುಂದೆ ಕಳಿಸಬೇಡಿ. ಇಂಥ ನೋವಿದ್ದರೆ ಅವತ್ತೇ ಕಣ್ಣಿನ ಡಾಕ್ಟರಿಗೆ ತೋರಿಸಿ.