ತಟ್ಟೆಯಲ್ಲಿ ಮೊಸರಿಲ್ಲ, ಗೋಡೆಯಲ್ಲಿ?

ಹಳೇ ಬಂಗಲೆಯನ್ನೋ ಛತ್ರವನ್ನೋ ಬಾಡಿಗೆಗೆ ಹಿಡಿದು ವೀಗನ್ ಸಮುದಾಯ ಕೇಂದ್ರ ಮಾಡಬೇಕೆಂದಿರುವವರಿಗೆ ಈ ಬರಹ. ಊಟದಲ್ಲಿ ಹಾಲು, ತುಪ್ಪ, ಜೇನು ಕೂಡದು ಎಂದು ಪಟ್ಟು ಹಿಡಿಯುವ ನಾವು ರಿಪೇರಿ ಸಾಮಾನಿನ ಚೀಟಿಯನ್ನೂ ಅಷ್ಟೇ ಎಚ್ಚರದಿಂದ ಓದಬೇಕು.

ಹಳೇ ಗೋಡೆಗಳ ನುಣುಪು ಗಾರೆಯ (ಸುಣ್ಣ, ಮರಳು ಕಲಸಿದ ಮೆತ್ತು) ಕೊನೆಯ ಪದರಕ್ಕೆ ಹಿಂದೆ ಮೊಟ್ಟೆಯ ಬಿಳಿಲೋಳೆ, ಮೊಸರು ಸೇರಿಸುತ್ತಿದ್ದರು. ಗಾರೆ ಬಲ್ಲ ಮೇಸ್ತ್ರಿ ಇವತ್ತಿಗೂ ಅದನ್ನೇ ಕೇಳಬಹುದು. ಬಡಗಿಯ ಸರೇಸು ಚರ್ಮ, ಮೂಳೆ ಬೇಯಿಸಿ ತೆಗೆದ ಅಂಟು. ಫ್ರೆಂಚ್ ಪಾಲಿಶ್ ಎಂದರೆ ಅರಗು, ಅದು ಕೀಟದಿಂದ ಬರುವಂಥದ್ದು. ಕೆಲವು ಡಿಸ್ಟೆಂಪರ್‌ಗಳಲ್ಲಿ ಹಾಲಿನ ಪ್ರೋಟೀನಾದ ಕೇಸೀನ್, ಕೆಲವು ಬ್ರಶ್‌ಗಳಲ್ಲಿ ಹಂದಿಕೂದಲು.

ಹಾಗಾದರೆ ಸಿಮೆಂಟು, ಪ್ಲಾಸ್ಟಿಕ್ ಪೇಂಟು ಬಳಿದುಬಿಡೋಣ ಎನ್ನಬೇಡಿ. ಗಾರೆ ಗೋಡೆ ನೆಲದಿಂದ ಹೀರಿದ ತೇವವನ್ನು ಮೈಯಿಂದಲೇ ಹೊರಗೆ ಬಿಡುತ್ತದೆ. ಸಿಮೆಂಟು ಆ ದಾರಿ ಮುಚ್ಚುತ್ತದೆ. ತೇವದ ಜೊತೆ ಬಂದ ಉಪ್ಪು ಒಳಗೇ ಹರಳುಗಟ್ಟಿ, ಕೆಲವೇ ಮಳೆಗಾಲದಲ್ಲಿ ಪ್ಲಾಸ್ಟರು ಇಟ್ಟಿಗೆಯ ಮೈಯನ್ನೂ ಕಿತ್ತುಕೊಂಡು ಉದುರುತ್ತದೆ.

ಮೊಸರು, ಮೊಟ್ಟೆ ಇಲ್ಲದೆಯೂ ಒಳ್ಳೆಯ ಗಾರೆ ಆಗುತ್ತದೆ. ಸುಟ್ಟ ಸುಣ್ಣವನ್ನು ಅರಳಿಸಿ, ಮೇಲೆ ಸದಾ ನೀರು ನಿಂತಿರುವಂತೆ ಕನಿಷ್ಠ ಹದಿನೈದು ದಿನ ಇಡಿ, ತಿಂಗಳಾದರೆ ಇನ್ನೂ ಒಳ್ಳೆಯದು. ಅರಳದ ಹರಳು ಉಳಿದರೆ ಗೋಡೆಯ ಮೇಲೆ ಅರಳಿ ಗುಳಿ ಸಿಡಿಯುತ್ತದೆ, ಹಾಗಾಗಿ ಸೋಸಿಯೇ ಬಳಸಬೇಕು. ಅರಳಿಸುವಾಗ ಕಣ್ಣಿಗೆ ಸುರಕ್ಷತಾ ಕನ್ನಡಕ ಇರಲೇಬೇಕು. ಒಂದು ಪಾಲು ಸುಣ್ಣಕ್ಕೆ ಮೂರು ಪಾಲು ಮರಳು. ತೇವ ಜಾಸ್ತಿ ಇರುವ ಕಡೆ ಒಂದು ಪಾಲು ಮರಳಿನ ಬದಲು ಇಟ್ಟಿಗೆ ಪುಡಿ. ಬೆಲ್ಲ ಮತ್ತು ಜಜ್ಜಿದ ಅಳಲೆಕಾಯಿಯನ್ನು ನೀರಲ್ಲಿ ಹುಳಿ ಬರುವವರೆಗೆ ನೆನೆಸಿ, ಸೋಸಿ, ಆ ನೀರಲ್ಲೇ ಕಲಸಿ. ಬೆಲ್ಲ ಸುಣ್ಣದ ತೂಕದ ನೂರಕ್ಕೆ ಐದರ ಆಸುಪಾಸಿನಲ್ಲಿರಲಿ. ಹೆಚ್ಚಾದರೆ ಗಾರೆ ಗಟ್ಟಿಯಾಗುವುದು ತಡ, ಇರುವೆ ಕಾಟ ಬೇರೆ. ಒಂದು ಪದರ 10-12 ಮಿಲಿಮೀಟರ್ ದಾಟಿದರೆ ಬಿರುಕು ಬಿಡುತ್ತದೆ. ಬಿಸಿಲಿಗೆ ಬೇಗ ಒಣಗಿದರೆ ಕೈಗೆ ಪುಡಿ ಅಂಟುತ್ತದೆ. ಒಂದು ವಾರವಾದರೂ ಒದ್ದೆ ಗೋಣಿಚೀಲ ತೂಗುಹಾಕಿ.

ಹೊಳಪು ಮೊಟ್ಟೆಯಿಂದಲೇ ಬರಬೇಕಿಲ್ಲ, ಉಜ್ಜುವ ಕೈಯಿಂದಲೂ ಬರುತ್ತದೆ. ಬಟ್ಟೆಯಲ್ಲಿ ಸೋಸಿದ ಸುಣ್ಣಕ್ಕೆ ಅಮೃತಶಿಲೆಯ ಪುಡಿ ಬೆರೆಸಿ ತೆಳ್ಳಗೆ ಬಳಿದು, ಪೂರ್ತಿ ಒಣಗುವ ಮುಂಚೆ ನುಣುಪು ಕಲ್ಲಿನಿಂದ ತಿಕ್ಕಿ. ಸಸ್ಯದೆಣ್ಣೆಯ ಸೋಪಿನ ನೀರು ಹಚ್ಚಿ ಮತ್ತೆ ತಿಕ್ಕಿದರೆ ಸುಣ್ಣದ ಜೊತೆ ಸೇರಿ ನೀರು ತಡೆಯುವ ಪದರವಾಗುತ್ತದೆ. ಮೊರಾಕ್ಕೊದಲ್ಲಿ ಆಲಿವ್ ಎಣ್ಣೆಯ ಸೋಪಿನಿಂದ ಸ್ನಾನಗೃಹದ ಗೋಡೆಗಳನ್ನು ಹೀಗೇ ಮಾಡುತ್ತಾರೆ. ಕೂಲಿ ಹೆಚ್ಚಾಗುತ್ತದೆ, ಆ ಖರ್ಚಿಗೆ ಮೊದಲೇ ಸಿದ್ಧರಿರಿ.

ಬಾಗಿಲು, ಕಂಬಕ್ಕೆ ಅಗಸೆ ಎಣ್ಣೆ ಸಾಕು. ಆದರೆ ಒರೆಸಿದ ಬಟ್ಟೆಯನ್ನು ಗುಡ್ಡೆ ಹಾಕಬೇಡಿ, ತಾನಾಗಿಯೇ ಕಾದು ಬೆಂಕಿ ಹತ್ತಿಕೊಳ್ಳಬಹುದು. ನೀರಲ್ಲಿ ಅದ್ದಿ, ಬಿಡಿಸಿ ಒಣಹಾಕಿ.

ಒಲೆಯ ಜಾಗವೂ ಮುಖ್ಯ. ನೂರು ಜನರ ಅಡುಗೆಯ ಹಬೆ ಮದ್ರಾಸ್ ತಾರಸಿಯ (ಮರದ ತೊಲೆಗಳ ಮೇಲೆ ಇಟ್ಟಿಗೆ, ಗಾರೆ ಹಾಕಿದ ಹಳೇ ಚಾವಣಿ) ತೊಲೆಗಳಿಗೆ ಬಡಿದರೆ, ಗೋಡೆಯೊಳಗೆ ಹುದುಗಿರುವ ತೊಲೆಯ ತುದಿ ಮೊದಲು ಕೊಳೆಯುತ್ತದೆ. ಆ ತುದಿಗೆ ಚುಚ್ಚಿದ ಸ್ಕ್ರೂಡ್ರೈವರ್ ಸಲೀಸಾಗಿ ಒಳಗಿಳಿದರೆ ಅಲ್ಲಿ ಜನ ಸೇರಿಸಬೇಡಿ, ಸ್ಟ್ರಕ್ಚರಲ್ ಎಂಜಿನಿಯರ್ ಕರೆಸಿ. ದೊಡ್ಡ ಒಲೆ ಹಿತ್ತಲಲ್ಲಿರಲಿ. ಸಾವಿರ ಲೀಟರ್ ಟ್ಯಾಂಕ್ ತುಂಬಿದರೆ ಒಂದು ಟನ್, ಅದನ್ನು ಹಳೇ ತಾರಸಿಗೆ ಏರಿಸಬೇಡಿ. ಹಳೇ ಕಟ್ಟಡದ ವಿಷಯದಲ್ಲಿ ಉದಾಸೀನ ಬೇಡ: ಮೈಸೂರಿನ ಹಳೇ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ 2012ರಲ್ಲಿ ಕುಸಿದು ಜೀವಗಳೇ ಹೋದವು.

ಇನ್ನು ಮೊದಲೇ ಮೊಟ್ಟೆ ಸೇರಿರುವ ಗೋಡೆಯನ್ನು ಕೆರೆದು ಹೊಸದು ಮಾಡಬೇಕೆಂಬ ವಾದವನ್ನು ನಾವು ಒಪ್ಪುವುದಿಲ್ಲ. ಕೆರೆದರೆ ಯಾವ ಕೋಳಿಗೂ ಉಪಕಾರವಿಲ್ಲ, ಮತ್ತೆ ಬಾರದ ಕೈಕೆಲಸವೊಂದು ಮಣ್ಣುಪಾಲಾಗುತ್ತದೆ. ಬಿರುಕಿದ್ದಲ್ಲಿ ಮಾತ್ರ ಬೆಲ್ಲದ ಗಾರೆ ತುಂಬಿ, ಎಲ್ಲಿ ಏನು ಹಾಕಿದಿರಿ ಎಂದು ಪುಸ್ತಕದಲ್ಲಿ ಬರೆದಿಡಿ. ಮುಂದಿನ ರಿಪೇರಿಗೆ ಬರುವ ಮೇಸ್ತ್ರಿಗೆ ಅದು ಬೇಕಾಗುತ್ತದೆ.