ಯಾವ ಗ್ರೀಕ್ ಸ್ವಾಮಿ ಅದು?

ಪ್ರಾರ್ಥನಾ ಕೂಟದಿಂದ ಈಗಷ್ಟೇ ಬಂದೆ. ಸಿಟ್ಟು ಇನ್ನೂ ಇಳಿದಿಲ್ಲ. ಪ್ರಸಂಗಕ್ಕೆ ಬಂದಿದ್ದ ಹಿರಿಯರು ಬೈಬಲಿನ ಯೋಹಾನನ ಮೊದಲನೆಯ ಪತ್ರಿಕೆ 5:7 ತೆಗೆದು, ಪರಲೋಕದಲ್ಲಿ ಸಾಕ್ಷಿ ಹೇಳುವ ತಂದೆ, ವಾಕ್ಯ, ಪವಿತ್ರಾತ್ಮ ಎಂಬ ಮೂವರೂ ಒಂದೇ ಎಂಬ ಸಾಲನ್ನು ಓದಿದರು. ಆಮೇಲೆ ಮೊಬೈಲ್ ಎತ್ತಿ ಹಿಡಿದು, ‘ಮೂಲ ಗ್ರೀಕ್‌ನಲ್ಲೇ ಇದೆ, ಹೊಸ ಅನುವಾದದವರು ಕಿತ್ತುಹಾಕಿದ್ದಾರೆ’ ಎಂದರು. ಎಲ್ಲರೂ ಆಮೆನ್ ಎಂದರು. ನಾನು ಹಲ್ಲು ಕಚ್ಚಿಕೊಂಡೆ. (ನನ್ನವಳು ಮೊಣಕೈಯಿಂದ ತಿವಿದಿದ್ದಳು, ಅದಕ್ಕೆ.)

ಯಾವ ಮೂಲ? 4ನೇ ಶತಮಾನದ ಗ್ರೀಕ್ ಬೈಬಲ್ ಕೈಬರಹ ಸೈನಾಯ್ಟಿಕಸ್‌ನಲ್ಲಿ ಆ ಸಾಲಿಲ್ಲ, ಅದೇ ಕಾಲದ ಇನ್ನೊಂದು ಕೈಬರಹ ವ್ಯಾಟಿಕನಸ್‌ನಲ್ಲೂ ಇಲ್ಲ. 1516ರಲ್ಲಿ ಬಾಸೆಲ್‌ನಲ್ಲಿ ಗ್ರೀಕ್ ಹೊಸ ಒಡಂಬಡಿಕೆಯನ್ನು ಅಚ್ಚು ಹಾಕಿಸಿದ ಡಚ್ ವಿದ್ವಾಂಸ ಎರಾಸ್ಮಸ್ ಅದನ್ನು ಸೇರಿಸಲಿಲ್ಲ, 1519ರಲ್ಲೂ ಸೇರಿಸಲಿಲ್ಲ. ತಾನು ನೋಡಿದ ಗ್ರೀಕ್ ಪ್ರತಿಗಳಲ್ಲಿ ಇಲ್ಲ ಎಂದ. ಆ ಸಾಲಿದ್ದ ಲ್ಯಾಟಿನ್ ಬೈಬಲನ್ನೇ ನೆಚ್ಚಿಕೊಂಡಿದ್ದವರು ಅವನ ಮೇಲೆ ಮುಗಿಬಿದ್ದರು. ಅಷ್ಟರಲ್ಲಿ, ನೋಡಿ, ಆ ಸಾಲಿರುವ ಗ್ರೀಕ್ ಪ್ರತಿಯೊಂದು ಸಿಕ್ಕೇಬಿಟ್ಟಿತು! 1522ರ ಮುದ್ರಣದಲ್ಲಿ ಸಾಲು ಒಳಗೆ ಬಂತು.

ಆ ಪ್ರತಿ ಈಗ ಡಬ್ಲಿನ್‌ನ ಟ್ರಿನಿಟಿ ಕಾಲೇಜಿನಲ್ಲಿದೆ, 16ನೇ ಶತಮಾನದ್ದು. ಅಂದರೆ ಆಗಷ್ಟೇ ಬರೆದದ್ದು, ಶಾಯಿ ಇನ್ನೂ ಹಸಿ ಎನ್ನಬಹುದು. ಅದರಲ್ಲಿ ತಂದೆ, ವಾಕ್ಯ, ಆತ್ಮ ಎಂಬ ಪದಗಳಿಗೆ ಮೊದಲು ಗ್ರೀಕ್‌ನವನು ಸಹಜವಾಗಿ ಹಾಕುವ ಉಪಪದಗಳೇ (ಇಂಗ್ಲಿಷಿನ ‘the’ ಥರದವು) ಇಲ್ಲ. ಲ್ಯಾಟಿನ್‌ನಲ್ಲಿ ಉಪಪದ ಎಂಬುದೇ ಇಲ್ಲ. ಲ್ಯಾಟಿನ್ ಸಾಲನ್ನು ಎದುರಿಗಿಟ್ಟುಕೊಂಡು ಗ್ರೀಕ್ ಮಾಡಿದವನ ಕೈ ಅಲ್ಲಿ ಸಿಕ್ಕಿಬಿದ್ದಿದೆ.

ಎರಾಸ್ಮಸ್ ಕೂಡ ಹರಿಶ್ಚಂದ್ರನೇನಲ್ಲ. ಬೈಬಲಿನ ಕೊನೆಯ ಪುಸ್ತಕವಾದ ‘ಪ್ರಕಟನೆ’ಯ, ಅವನ ಬಳಿಯಿದ್ದ ಗ್ರೀಕ್ ಪ್ರತಿಯಲ್ಲಿ ಕೊನೆಯ ಹಾಳೆ ಇರಲಿಲ್ಲ. ಕಡೆಯ ವಚನಗಳನ್ನು ಲ್ಯಾಟಿನ್‌ನಿಂದ ತಾನೇ ಗ್ರೀಕ್‌ಗೆ ತಿರುಗಿಸಿ ಅಚ್ಚಿಗೆ ಕೊಟ್ಟ. ಇಂಥ ಮುದ್ರಣಗಳ ವಂಶದಲ್ಲೇ 1611ರ ಇಂಗ್ಲಿಷ್ ಅನುವಾದ, ಕಿಂಗ್ ಜೇಮ್ಸ್ ಬೈಬಲ್, ಬಂದದ್ದು. ಮೊಬೈಲ್‌ನಲ್ಲಿ ಗ್ರೀಕ್ ಅಕ್ಷರ ಕಂಡಾಕ್ಷಣ ಅದು ಅಪೊಸ್ತಲರ ಕೈಬರಹವಾಗಿಬಿಡುತ್ತದೆಯೇ? ಯಾವ ಪ್ರತಿ, ಯಾವ ಕಾಲದ್ದು ಎಂದು ಕೇಳದವರಿಗೆ ‘ಮೂಲ’ ಎಂಬುದು ಎದುರಿನವರ ಬಾಯಿ ಮುಚ್ಚಿಸುವ ದೊಣ್ಣೆ, ಅಷ್ಟೇ.

ಇಷ್ಟು ಬರೆದರೂ ಒಂದು ಮಾತು ಮುಚ್ಚಿಡಲಾರೆ. ತಾತನ ಹಳೆಯ ಇಂಗ್ಲಿಷ್ ಬೈಬಲಿನಿಂದ ಆ ಸಾಲನ್ನು ಬಾಯಿಪಾಠ ಮಾಡಿದವನು ನಾನು. ಅದರ ಲಯ ಇವತ್ತಿಗೂ ಇಷ್ಟ. ಅದು ಯೋಹಾನನದಲ್ಲ ಎಂದು ತಿಳಿದ ದಿನ ಯಾರೊಂದಿಗೂ ಮಾತಾಡಬೇಕೆನಿಸಿರಲಿಲ್ಲ.

‘ಇದನ್ನೆಲ್ಲ ಹೇಳಿದರೆ ಬಡ ವಿಶ್ವಾಸಿಗಳ ನಂಬಿಕೆ ಅಲುಗಾಡುತ್ತದೆ’ ಎಂದು ಮೆಸೆಂಜರ್‌ಗೆ ಬರುವವರಿದ್ದೀರಿ, ಗೊತ್ತು. ಅಲುಗಾಡುವುದು ನಿಮ್ಮ ವೇದಿಕೆ, ಅವರ ನಂಬಿಕೆಯಲ್ಲ. 4ನೇ ಶತಮಾನದಲ್ಲಿ, ಮಗನು ತಂದೆಗೆ ಸಮಾನನಲ್ಲ ಎಂದ ಆರಿಯಸ್‌ನ ಕಡೆಯವರ ವಿರುದ್ಧ ತ್ರಿಯೇಕತ್ವಕ್ಕಾಗಿ (ತಂದೆ, ಮಗ, ಪವಿತ್ರಾತ್ಮ ಮೂವರೂ ಒಬ್ಬನೇ ದೇವರು ಎಂಬುದಕ್ಕಾಗಿ) ಹೋರಾಡಿದ ಗ್ರೀಕ್ ಸಭಾಪಿತೃಗಳು, ಅಂದರೆ ಆದಿಸಭೆಯ ಗುರುಗಳು, ಈ ಸಾಲನ್ನು ಎತ್ತಿದ್ದೇ ಇಲ್ಲ. ಗ್ರೀಕ್ ಅವರ ಮನೆಮಾತು ಸ್ವಾಮಿ! ಇಂಥ ಅಸ್ತ್ರ ಕೈಯಲ್ಲಿದ್ದಿದ್ದರೆ ಅವರ ಮುಂದಾಳು ಅಥನಾಸಿಯಸ್ ಸುಮ್ಮನೆ ಬಿಡುತ್ತಿದ್ದನೇ?