ಯುಎಸ್‌ಸಿ ಡಿಫೆನ್ಸ್ ಕುಸಿದದ್ದಕ್ಕೆ ಹೆಡ್ ಕೋಚ್ ಲಿಂಕನ್ ರೈಲಿಯೇ ಹೊಣೆಯೇ?

ಬಾಲನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ ಅಮೆರಿಕದ ಕಾಲೇಜು ಫುಟ್‌ಬಾಲ್‌ನಲ್ಲಿ ಯುಎಸ್‌ಸಿ (ಯೂನಿವರ್ಸಿಟಿ ಆಫ್ ಸದರ್ನ್ ಕ್ಯಾಲಿಫೋರ್ನಿಯಾ) ದೊಡ್ಡ ಮನೆತನ. ಲಾಸ್ ಏಂಜಲಿಸ್‌ನ ಈ ಯೂನಿವರ್ಸಿಟಿ 2021ರ ನವೆಂಬರ್ ಕೊನೆಯಲ್ಲಿ ಓಕ್ಲಹೋಮಾದಿಂದ ಲಿಂಕನ್ ರೈಲಿಯನ್ನು ಹೆಡ್ ಕೋಚ್ ಆಗಿ ಕರೆತಂದಿತು. ಮುಂದಿನ ಎರಡು ಸೀಸನ್ ತಂಡ ಬೇಕಾದಷ್ಟು ಅಂಕ ಗಳಿಸಿತು. ಹೆಚ್ಚುಕಡಿಮೆ ಅಷ್ಟನ್ನೇ ಬಿಟ್ಟುಕೊಟ್ಟಿತು. 2023ರ ನವೆಂಬರ್ 5ರಂದು ಡಿಫೆನ್ಸ್ (ಎದುರಾಳಿಯನ್ನು ತಡೆಯುವ ಹನ್ನೊಂದು ಜನ) ನೋಡಿಕೊಳ್ಳುತ್ತಿದ್ದ ಕೋಆರ್ಡಿನೇಟರ್ ಅಲೆಕ್ಸ್ ಗ್ರಿಂಚ್ ಕೆಲಸ ಕಳೆದುಕೊಂಡರು. ತಪ್ಪು ಅವರದ್ದಾ, ಅವರನ್ನು ಇಟ್ಟುಕೊಂಡವರದ್ದಾ? ಇಬ್ಬರು ಅಭಿಮಾನಿಗಳ ವಾದ ಇಲ್ಲಿದೆ.

ಪರ: ಕೊಡ ಅದೇ, ತೂತೂ ಅದೇ

ಒಂದು ಪಂದ್ಯದ ಕೊನೆಯ ನಾಲ್ಕೂವರೆ ನಿಮಿಷದಿಂದ ಶುರು ಮಾಡುತ್ತೇನೆ. 2023ರ ಜನವರಿ 2, ಟೆಕ್ಸಾಸ್‌ನಲ್ಲಿ ಕಾಟನ್ ಬೌಲ್ ಅನ್ನುವ ಸೀಸನ್ ಕೊನೆಯ ದೊಡ್ಡ ಪಂದ್ಯ. ಎದುರಿಗಿದ್ದದ್ದು ಟುಲೇನ್. ಅದರ ಹಿಂದಿನ ಸೀಸನ್‌ನಲ್ಲಿ 12 ಪಂದ್ಯ ಆಡಿ 10 ಸೋತಿದ್ದ ತಂಡ. ಯುಎಸ್‌ಸಿ 45-30ರಿಂದ ಮುಂದಿದೆ. ಟಿವಿ ಆಫ್ ಮಾಡಿ ಮಲಗಬಹುದಾದ ಸ್ಥಿತಿ.

4 ನಿಮಿಷ 7 ಸೆಕೆಂಡ್ ಉಳಿದಿದ್ದಾಗ ಟುಲೇನ್ ಒಂದು ಟಚ್‌ಡೌನ್ ಹೊಡೆಯಿತು (ಬಾಲನ್ನು ಎದುರಾಳಿಯ ಕೊನೆ ಗೆರೆ ದಾಟಿಸಿದರೆ ಆರು ಅಂಕ, ಮೇಲೊಂದು ಕಿಕ್‌ಗೆ ಇನ್ನೊಂದು). 45-37. ನಂತರದ ಕಿಕ್‌ಆಫ್ (ಅಂಕ ಗಳಿಸಿದವರು ಎದುರಾಳಿಗೆ ಬಾಲ್ ಒದ್ದು ಕೊಡುವುದು) ಹಿಡಿಯಲು ಹೋದ ಯುಎಸ್‌ಸಿ ಹುಡುಗನ ಕೈಯಿಂದ ಬಾಲ್ ಜಾರಿ, ತಮ್ಮದೇ ಗೆರೆಯಿಂದ 1 ಗಜ ದೂರದಲ್ಲಿ ಹೊರಗೆ ಹೋಯಿತು. ಅಲ್ಲಿಂದ ಹೊರಬರಲು ಆಗಲಿಲ್ಲ. ತಮ್ಮ ಎಂಡ್‌ ಜೋನ್‌ನಲ್ಲೇ (ಕೊನೆ ಗೆರೆಯ ಹಿಂದಿನ ಜಾಗ) ಸಿಕ್ಕಿಬಿದ್ದು ಎರಡು ಅಂಕ ಕೊಟ್ಟರು. 45-39. ನಿಯಮದ ಪ್ರಕಾರ ಬಾಲ್ ಕೂಡ ಟುಲೇನ್‌ಗೇ ಹೋಯಿತು. ಈಗ ಡಿಫೆನ್ಸ್ ಮಾಡಬೇಕಾದದ್ದು ಒಂದೇ ಕೆಲಸ. ಟಚ್‌ಡೌನ್ ತಡೆಯಬೇಕು, ಅಷ್ಟೇ. ಟುಲೇನ್ ದಾಟಬೇಕಿದ್ದದ್ದು 66 ಗಜ. ದಾಟಿತು. 9 ಸೆಕೆಂಡ್ ಉಳಿದಿದ್ದಾಗ ಆರು ಗಜದ ಪುಟ್ಟ ಪಾಸ್. ಹಿಡಿದಿಲ್ಲ ಅಂದರು ರೆಫರಿ. ವಿಡಿಯೋ ನೋಡಿ, ಹಿಡಿದಿದ್ದಾನೆ ಅಂದರು. ಮೇಲೊಂದು ಕಿಕ್. 46-45.

ಆ ದಿನ ಯುಎಸ್‌ಸಿ ಕ್ವಾರ್ಟರ್‌ಬ್ಯಾಕ್ (ಬಾಲ್ ಎಸೆದು ಆಟ ನಡೆಸುವವನು) ಕೇಲೆಬ್ ವಿಲಿಯಮ್ಸ್ 462 ಗಜ ಪಾಸ್ ಮಾಡಿ 5 ಟಚ್‌ಡೌನ್ ಕೊಟ್ಟಿದ್ದ. ಕಾಲೇಜು ಫುಟ್‌ಬಾಲ್‌ನ ಶ್ರೇಷ್ಠ ಆಟಗಾರನಿಗೆ ಕೊಡುವ ಹೈಸ್ಮನ್ ಟ್ರೋಫಿಯನ್ನು ಆ ವರ್ಷ ಗೆದ್ದವನು. ಇನ್ನೇನು ಮಾಡಬೇಕಿತ್ತು ಆ ಹುಡುಗ? ಅತ್ತ ಟುಲೇನ್ ಕ್ವಾರ್ಟರ್‌ಬ್ಯಾಕ್ ಪೂರ್ತಿ ಮಾಡಿದ್ದು ಬರೀ 8 ಪಾಸ್. ಬಂದದ್ದು 234 ಗಜ. ಒಂದೊಂದು ಪಾಸ್‌ಗೂ ಸುಮಾರು 29 ಗಜ! ಅವರ ಓಟಗಾರ ಟೈಜೇ ಸ್ಪಿಯರ್ಸ್ ಒಬ್ಬನೇ 205 ಗಜ ಓಡಿ 4 ಟಚ್‌ಡೌನ್ ಹೊಡೆದ. ಕಬಡ್ಡಿ ನೋಡಿದವರಿಗೆ ಟ್ಯಾಕಲ್ ಅಂದರೇನು ಅಂತ ಬಿಡಿಸಿ ಹೇಳಬೇಕಿಲ್ಲ. ಕಾಲು ಹಿಡಿಯಬೇಕಾದ ಕಡೆ ಅಂಗಿ ಹಿಡಿದರೆ ರೇಡರ್ ಗೆರೆ ಮುಟ್ಟಿಯೇ ಮುಟ್ಟುತ್ತಾನೆ. ಆ ರಾತ್ರಿ ಪೂರ್ತಿ ಅಂಗಿ ಹಿಡಿದದ್ದೇ ಆಯಿತು.

ಒಂದು ದಿನದ ಕೆಟ್ಟ ಗಳಿಗೆ ಅನ್ನಬಹುದಾ? ಇಲ್ಲ. ಅದೇ ಸೀಸನ್‌ನ ಅಕ್ಟೋಬರ್ 15ರಂದು ಯೂಟಾ 43-42ರಿಂದ ಸೋಲಿಸಿತ್ತು. ಅಲ್ಲಿ ಡಾಲ್ಟನ್ ಕಿನ್‌ಕೇಡ್ ಅನ್ನುವ ಒಬ್ಬನೇ ಆಟಗಾರ 16 ಪಾಸ್ ಹಿಡಿದ. ಹತ್ತನೆಯದಾದ ಮೇಲಾದರೂ ಅವನ ಪಕ್ಕಕ್ಕೆ ಇನ್ನೊಬ್ಬನನ್ನು ನಿಲ್ಲಿಸಬೇಡವೇ? ಡಿಸೆಂಬರ್‌ನಲ್ಲಿ ಯುಎಸ್‌ಸಿ ಆಗ ಆಡುತ್ತಿದ್ದ ಪ್ಯಾಕ್-12 ಲೀಗ್‌ನ ಫೈನಲ್, ಮತ್ತೆ ಅದೇ ಯೂಟಾ. 17-3 ಮುಂದಿದ್ದವರು 47-24ರಿಂದ ಸೋತರು. ಕೇಲೆಬ್‌ಗೆ ಕಾಲು ನೋವಿತ್ತು, ನಿಜ. ಆದರೆ ಅವನ ಕಾಲು ನೋವಿಗೂ ಎದುರಾಳಿಗೆ ಬಿಟ್ಟುಕೊಟ್ಟ 47 ಅಂಕಕ್ಕೂ ಏನು ಸಂಬಂಧ?

ಈಗ ಓಕ್ಲಹೋಮಾಕ್ಕೆ ಹೋಗಿ ನೋಡಿ. ರೈಲಿ ಅಲ್ಲಿ ಹೆಡ್ ಕೋಚ್ ಆದದ್ದು 2017ರಲ್ಲಿ. ಆ ಸೀಸನ್ ಮುಗಿದದ್ದು ರೋಸ್ ಬೌಲ್‌ನಲ್ಲಿ, ಜಾರ್ಜಿಯಾ ವಿರುದ್ಧ 54-48ರ ಸೋಲಿನಿಂದ. ಮುಂದಿನದು ಅಲಬಾಮಾ ವಿರುದ್ಧ 45-34. ಅದರ ಮುಂದಿನದು ಎಲ್‌ಎಸ್‌ಯು ವಿರುದ್ಧ 63-28. ಮೂರು ಸಲ ಪ್ಲೇಆಫ್ (ದೇಶದ ಚಾಂಪಿಯನ್ ಯಾರೆಂದು ತೀರ್ಮಾನಿಸುವ ಸುತ್ತು), ಮೂರು ಸಲವೂ ಇದೇ ಕಥೆ. 2018ರ ಸೀಸನ್ ಮಧ್ಯೆ ಟೆಕ್ಸಾಸ್‌ಗೆ 48-45ರಲ್ಲಿ ಸೋತಾಗ ಡಿಫೆನ್ಸ್ ಕೋಚ್ ಮೈಕ್ ಸ್ಟೂಪ್ಸ್ ಅವರನ್ನು ರೈಲಿ ತೆಗೆದರು. ಆಮೇಲೆ ತಂದದ್ದು ಗ್ರಿಂಚ್ ಅವರನ್ನು. ಲಾಸ್ ಏಂಜಲಿಸ್‌ಗೆ ಬರುವಾಗ ಗ್ರಿಂಚ್ ಅವರನ್ನೂ ಜೊತೆಗೇ ಕರೆತಂದರು. ಬಾವಿ ಬದಲಾಯಿತು. ಕೊಡ ಬದಲಾಗಲಿಲ್ಲ.

ಆಫೆನ್ಸ್‌ನಲ್ಲಿ, ಅಂದರೆ ಬಾಲ್ ತಮ್ಮ ಕೈಯಲ್ಲಿದ್ದಾಗ, ಯಾವ ಪ್ಲೇ ಆಡಬೇಕು ಅಂತ ಕರೆಯುವುದು ಸ್ವತಃ ರೈಲಿ. ಅದರಲ್ಲಿ ಅವರು ಗಟ್ಟಿಗರು, ಅದನ್ನು ಯಾರೂ ಅಲ್ಲಗಳೆಯುವುದಿಲ್ಲ. ನನ್ನ ದೂರು ಬೇರೆ. ಮನೆ ಯಜಮಾನ ಅಡುಗೆಮನೆಯಲ್ಲೇ ಕೂತರೆ ಹಿತ್ತಲ ಬಾಗಿಲು ಹಾಕಿದ್ದಾರೋ ಇಲ್ಲವೋ ಅಂತ ನೋಡುವವರು ಯಾರು? ಹೆಡ್ ಕೋಚ್ ಅಂದ ಮೇಲೆ ಹಿತ್ತಲೂ ಅವರದ್ದೇ ಅಲ್ವಾ?

ಕಾಟನ್ ಬೌಲ್ ಆದ ಮೇಲೂ ಗ್ರಿಂಚ್ ಉಳಿದರು. 2023ರಲ್ಲಿ ತಂಡ ಮೊದಲ ಆರು ಪಂದ್ಯ ಗೆದ್ದಿತು, ಆದರೆ ಹೇಗೆ? ಕೊಲರಾಡೋ ವಿರುದ್ಧ 48-41. ಅರಿಜೋನಾ ವಿರುದ್ಧ ಮೂರು ಓವರ್‌ಟೈಮ್ ಆಡಿ 43-41. ಆಮೇಲೆ ನೋಟ್ರ್ ಡೇಮ್‌ಗೆ 48-20ರ ಸೋಲು. ಕ್ಯಾಲ್ ವಿರುದ್ಧ 50-49ರ ಗೆಲುವು. ಎದುರಾಳಿಗೆ 49 ಅಂಕ ಕೊಟ್ಟು ಗೆಲ್ಲುವುದನ್ನು ಗೆಲುವು ಅಂತ ಸಂಭ್ರಮಿಸುವುದು ಹೇಗೆ ಅಂತ ನನಗಂತೂ ಗೊತ್ತಾಗಲಿಲ್ಲ. ನವೆಂಬರ್ 4ರಂದು ವಾಷಿಂಗ್ಟನ್ ಬಂತು. ಡಿಲನ್ ಜಾನ್ಸನ್ 256 ಗಜ ಓಡಿ 4 ಟಚ್‌ಡೌನ್ ಹೊಡೆದ. 52-42. ಪಂದ್ಯ ಮುಗಿದ ಮೇಲೆ ಕೇಲೆಬ್ ಸ್ಟ್ಯಾಂಡ್‌ ಹತ್ತಿ ಅಮ್ಮನ ಹೆಗಲಿಗೆ ಮುಖ ಒತ್ತಿ ಅತ್ತದ್ದನ್ನು ಎಲ್ಲರೂ ನೋಡಿದರು. ಮಾರನೇ ದಿನ ಗ್ರಿಂಚ್ ಮನೆಗೆ.

ಜನವರಿಯಲ್ಲಿ ಕಂಡ ತೂತನ್ನು ನವೆಂಬರ್‌ನಲ್ಲಿ ಮುಚ್ಚಲು ಹೋದರು. ಮಧ್ಯದ ಹತ್ತು ತಿಂಗಳು ರೈಲಿಯ ಲೆಕ್ಕಕ್ಕೇ ಸೇರಬೇಕು. 2024ರಲ್ಲಿ ಗ್ರಿಂಚ್ ಜಾಗಕ್ಕೆ ಡ್ಯಾಂಟನ್ ಲಿನ್ ಬಂದ ಕೂಡಲೇ ಡಿಫೆನ್ಸ್ ಸುಧಾರಿಸಿತು ಅಂತ ರೈಲಿ ಪರ ಇರುವವರು ಹೇಳುತ್ತಾರೆ. ಸುಧಾರಿಸಿದ್ದು ಹೌದು. ಅದು ನನ್ನ ಮಾತಿಗೇ ಸಾಕ್ಷಿ. ಒಂದೇ ವರ್ಷದಲ್ಲಿ ಆಗುವ ಕೆಲಸವಾಗಿದ್ದರೆ ಮೊದಲನೇ ದಿನವೇ ಯಾಕೆ ಮಾಡಲಿಲ್ಲ?

ವಿರೋಧ: ಪಾಯವೇ ಇಲ್ಲದ ಕಡೆ ಗೋಡೆ ಕೇಳಬೇಡಿ

ಆ ಕಾಟನ್ ಬೌಲ್ ನಾನೂ ನೋಡಿದೆ, ನಾನೂ ತಲೆ ಚಚ್ಚಿಕೊಂಡೆ. ಆದರೆ ಮೇಲೆ ಬರೆದವರೇ ಹೇಳಿದ್ದನ್ನು ಇನ್ನೊಂದು ಸಲ ಓದಿ. ಕಿಕ್‌ಆಫ್‌ನಲ್ಲಿ ಬಾಲ್ ಜಾರಿಸಿದ್ದು ಡಿಫೆನ್ಸ್ ಅಲ್ಲ. ಎಂಡ್‌ ಜೋನ್‌ನಲ್ಲಿ ಸಿಕ್ಕಿಬಿದ್ದದ್ದೂ ಡಿಫೆನ್ಸ್ ಅಲ್ಲ. ಸೋಲು ಬಂದಾಗ ಕೈಗೆ ಸಿಕ್ಕಿದವರ ಜುಟ್ಟು ಹಿಡಿಯುವುದು ಸುಲಭ.

ನನ್ನ ಕಥೆ ಶುರುವಾಗುವುದು 2021ರ ನವೆಂಬರ್ 20ರಂದು. ರೈಲಿ ಇನ್ನೂ ಓಕ್ಲಹೋಮಾದಲ್ಲೇ ಇದ್ದರು. ಯುಎಸ್‌ಸಿಯ ಸ್ವಂತ ಅಂಗಳ, 1923ರ ಕೊಲೀಸಿಯಂ. ಅದೇ ಊರಿನ ಇನ್ನೊಂದು ಯೂನಿವರ್ಸಿಟಿ ಯುಸಿಎಲ್‌ಎ ಬಂದು 62-33ರಿಂದ ಹೊಡೆದು ಹೋಯಿತು. ಪಕ್ಕದ ಮನೆಯವರು ನಮ್ಮ ಹಜಾರದಲ್ಲಿ 62 ಅಂಕ ಹಾಕಿದ್ದರು! ಆ ಸೀಸನ್ ಮುಗಿದಾಗ 4 ಗೆಲುವು, 8 ಸೋಲು. ಸೀಸನ್ ಶುರುವಾದ ಎರಡೇ ವಾರಕ್ಕೆ ಹಳೇ ಕೋಚ್ ಕೆಲಸ ಹೋಗಿತ್ತು. ರೈಲಿ ಕೈಗೆ ಬಂದದ್ದು ಈ ಮನೆ. ಮುಂದಿನ ವರ್ಷ ಅದೇ ತಂಡ 11 ಗೆದ್ದು 3 ಸೋತಿತು. ನಾಲ್ಕರಿಂದ ಹನ್ನೊಂದಕ್ಕೆ.

ಹಾಗಾದರೆ ಆಫೆನ್ಸ್ ಒಂದೇ ವರ್ಷದಲ್ಲಿ ಎದ್ದು ನಿಂತಿತಲ್ಲ, ಡಿಫೆನ್ಸ್ ಯಾಕೆ ನಿಲ್ಲಲಿಲ್ಲ ಅಂತ ಕೇಳುತ್ತೀರಿ. ಇಲ್ಲಿ ಸ್ವಲ್ಪ ನಿಧಾನಿಸಬೇಕು. 2021ರಲ್ಲಿ ಎರಡು ನಿಯಮ ಬದಲಾದವು. ಒಂದು, ಕಾಲೇಜು ಬದಲಾಯಿಸಿದ ಆಟಗಾರ ಮೊದಲ ಸಲಕ್ಕೆ ಒಂದು ವರ್ಷ ಸುಮ್ನೆ ಕೂರಬೇಕಿಲ್ಲ. ಇನ್ನೊಂದು, ತನ್ನ ಹೆಸರು, ಮುಖ ಬಳಸಿ ದುಡ್ಡು ಮಾಡಬಹುದು. ಇದರಿಂದ ಆಫೆನ್ಸ್ ಅನ್ನು ರೆಡಿಮೇಡ್ ತರಬಹುದಾಯಿತು. ಕೇಲೆಬ್ ಓಕ್ಲಹೋಮಾದಿಂದ ಬಂದ. ಜೋರ್ಡನ್ ಆಡಿಸನ್ ಪಿಟ್ಸ್‌ಬರ್ಗ್‌ನಿಂದ, ಟ್ರಾವಿಸ್ ಡೈ ಓರೆಗಾನ್‌ನಿಂದ. ಒಳ್ಳೆಯ ಕ್ವಾರ್ಟರ್‌ಬ್ಯಾಕ್, ಅವನ ಪಾಸ್ ಹಿಡಿಯುವ ಒಬ್ಬ ಚುರುಕಿನ ಹುಡುಗ ಸಿಕ್ಕರೆ ಅಂಕ ಬರುತ್ತದೆ. ಡಿಫೆನ್ಸ್ ಹಾಗಲ್ಲ. ಹನ್ನೊಂದರಲ್ಲಿ ಹತ್ತು ಜನ ಸರಿಯಾಗಿ ನಿಂತು ಒಬ್ಬ ಎರಡು ಹೆಜ್ಜೆ ತಪ್ಪಿದರೆ ಅಲ್ಲೇ ಟಚ್‌ಡೌನ್. ಅದಕ್ಕೆ ಒಟ್ಟಿಗೆ ಆಡಿ ಆಡಿ ಪಳಗಬೇಕು. ಜೊತೆಗೆ ಮುಂದಿನ ಸಾಲಿಗೆ ದೊಡ್ಡ ದೇಹದ ಹುಡುಗರು ಬೇಕು. 130 ಕಿಲೋಗಿಂತ ಜಾಸ್ತಿ ತೂಗಬೇಕು, ಓಡಲೂ ಬರಬೇಕು. ಅಂಥವರನ್ನು ಇಟ್ಟುಕೊಂಡಿರುವ ಕಾಲೇಜು ಅಷ್ಟು ಸುಲಭಕ್ಕೆ ಬಿಟ್ಟುಕೊಡುವುದಿಲ್ಲ.

ಇನ್ನೊಂದು ವಿಷಯ, ಇದು ರೈಲಿ ವಿರುದ್ಧವೂ ಹೋಗುತ್ತದೆ. ಆಫೆನ್ಸ್ ಎರಡೇ ನಿಮಿಷದಲ್ಲಿ ಟಚ್‌ಡೌನ್ ಹೊಡೆದು ಬಂದರೆ ಡಿಫೆನ್ಸ್ ಉಸಿರು ತಗೊಳ್ಳುವ ಮೊದಲೇ ಮತ್ತೆ ಮೈದಾನಕ್ಕಿಳಿಯಬೇಕು. ಎತ್ತು ಏರಿಗೆ, ಕೋಣ ನೀರಿಗೆ. ಈ ಶೈಲಿ ಅವರದ್ದೇ, ಆ ಮಟ್ಟಿಗಿನ ಪಾಲು ಅವರು ಹೊರಲಿ.

ಆದರೆ ಡಿಫೆನ್ಸ್ ಕಡೆ ಕಣ್ಣೆತ್ತಿಯೂ ನೋಡಲಿಲ್ಲ ಅನ್ನುವುದು ಅನ್ಯಾಯ. 2022ರಲ್ಲಿ ಯುಎಸ್‌ಸಿಯ ಟುಲಿ ಟುಯಿಪುಲೋಟು 13.5 ಸ್ಯಾಕ್ (ಪಾಸ್ ಎಸೆಯುವ ಮೊದಲೇ ಕ್ವಾರ್ಟರ್‌ಬ್ಯಾಕ್‌ನನ್ನು ಬೀಳಿಸುವುದು) ಮಾಡಿ ಇಡೀ ದೇಶಕ್ಕೇ ಮೊದಲಿಗನಾದ. ಎದುರಾಳಿಯಿಂದ ಬಾಲ್ ಕಸಿಯುವುದರಲ್ಲೂ ತಂಡ ಮುಂದಿತ್ತು. ಮುಂದಿನ ವರ್ಷ ಟುಲಿ ಪ್ರೊಫೆಷನಲ್ ಲೀಗ್‌ಗೆ ಹೋದ. ಅವನ ಜಾಗ ತುಂಬುವವರು ಇರಲಿಲ್ಲ.

ಲಿನ್ ಅವರನ್ನು ಮೊದಲ ದಿನವೇ ತರಬೇಕಿತ್ತಂತೆ. ಎಲ್ಲಿಂದ? 2021, 2022ರಲ್ಲಿ ಲಿನ್ ಬಾಲ್ಟಿಮೋರ್ ರೇವನ್ಸ್ ಅನ್ನುವ ಪ್ರೊಫೆಷನಲ್ ತಂಡದಲ್ಲಿ ಡಿಫೆನ್ಸ್‌ನ ಹಿಂದಿನ ಸಾಲಿನ ಕೋಚ್. ಒಂದು ತಂಡದ ಪೂರ್ತಿ ಡಿಫೆನ್ಸ್ ಅವರ ಕೈಗೆ ಬಂದದ್ದೇ 2023ರಲ್ಲಿ, ಯುಸಿಎಲ್‌ಎಯಲ್ಲಿ. ಆ ವರ್ಷ ಅವರ ಡಿಫೆನ್ಸ್ ಯುಎಸ್‌ಸಿಯನ್ನು 20 ಅಂಕಕ್ಕೆ ಕಟ್ಟಿಹಾಕಿ 38-20ರಿಂದ ಗೆದ್ದಿತು. ಸೀಸನ್ ಮುಗಿದದ್ದೇ ತಡ, ರೈಲಿ ಅವರನ್ನು ಎದುರು ಪಾಳೆಯದಿಂದಲೇ ಎತ್ತಿ ತಂದರು. ಹಿಂದೇಟು ಹಾಕುವ ಮನುಷ್ಯ ಮಾಡುವ ಕೆಲಸವಾ ಇದು? ಲಾಸ್ ಏಂಜಲಿಸ್ ರ್‍ಯಾಮ್ಸ್‌ನಿಂದ ಎರಿಕ್ ಹೆಂಡರ್ಸನ್ ಬಂದರು, ನಾರ್ತ್ ಡಕೋಟಾ ಸ್ಟೇಟ್‌ನ ಹೆಡ್ ಕೋಚ್ ಕೆಲಸವನ್ನೇ ಬಿಟ್ಟು ಮ್ಯಾಟ್ ಎಂಟ್ಸ್ ಬಂದರು.

ಫಲ ಕಂಡಿತು. 2023ರಲ್ಲಿ ಪಂದ್ಯಕ್ಕೆ ಸರಾಸರಿ 34.4 ಅಂಕ ಕೊಡುತ್ತಿದ್ದ ತಂಡ 2024ರಲ್ಲಿ 24.1ಕ್ಕೆ ಇಳಿಯಿತು. ಅದೂ ಬಿಗ್ ಟೆನ್ ಅನ್ನುವ ಹೊಸ ಲೀಗ್‌ಗೆ ಸೇರಿದ ಮೊದಲ ವರ್ಷ. ರೋಗವೇ ಹೆಡ್ ಕೋಚ್ ಆಗಿದ್ದರೆ, ಅವರು ಅದೇ ಕುರ್ಚಿಯಲ್ಲಿ ಕೂತಿರುವಾಗ ಜ್ವರ ಇಳಿದದ್ದು ಹೇಗೆ? ಹಿಂದೆ ಇಲ್ಲಿ ಹೆಡ್ ಕೋಚ್ ಆಗಿದ್ದ ಪೀಟ್ ಕ್ಯಾರಲ್ ಕೂಡ 2001ರಲ್ಲಿ ಯುಎಸ್‌ಸಿಗೆ ಬಂದ ವರ್ಷ 6 ಗೆದ್ದು 6 ಸೋತಿದ್ದರು. 2003ರಲ್ಲಿ ಎಪಿ ಸುದ್ದಿಸಂಸ್ಥೆಯ ಮತದಾನದಲ್ಲಿ ದೇಶಕ್ಕೇ ಮೊದಲ ಸ್ಥಾನ. ಅವರು ಡಿಫೆನ್ಸ್‌ನಿಂದಲೇ ಬಂದವರು, ಆದರೂ ಎರಡು ವರ್ಷ ಬೇಕಾಯಿತು.

ಇನ್ನು ಎದುರುವಾದಿಗಳಿಗೆ ಇಷ್ಟವಾಗದ ಲೆಕ್ಕ. ಡಿಫೆನ್ಸ್ ಸುಧಾರಿಸಿದ 2024ರಲ್ಲಿ ಯುಎಸ್‌ಸಿ 7 ಗೆದ್ದು 6 ಸೋತಿತು. ಹಿಂದಿನ ವರ್ಷಕ್ಕಿಂತ ಕೆಳಗೆ. ಮಿಶಿಗನ್ 27-24, ಮಿನೆಸೋಟ 24-17, ಪೆನ್ ಸ್ಟೇಟ್ 33-30, ಮೇರಿಲ್ಯಾಂಡ್ 29-28, ವಾಷಿಂಗ್ಟನ್ 26-21. ಆರರಲ್ಲಿ ಐದು ಸೋಲು, ಐದಕ್ಕೂ ಸೇರಿ 19 ಅಂಕದ ಅಂತರ. ಕೊನೆ ನಿಮಿಷದಲ್ಲಿ ಡಿಫೆನ್ಸ್ ಮತ್ತೆ ಕೈಕೊಟ್ಟಿತು ಅಂತ ಹೇಳುವವರು ಮೇರಿಲ್ಯಾಂಡ್ ಪಂದ್ಯವನ್ನೇ ಎತ್ತುತ್ತಾರೆ. ನಾನೂ ಅದನ್ನೇ ಎತ್ತುತ್ತೇನೆ. 28-22 ಮುಂದಿದ್ದಾಗ, ಇನ್ನು ನಾಲ್ಕೇ ನಿಮಿಷ ಉಳಿದಿದ್ದಾಗ ಯುಎಸ್‌ಸಿ ಫೀಲ್ಡ್ ಗೋಲ್‌ಗೆ (ಕಂಬಗಳ ನಡುವೆ ಒದ್ದರೆ ಮೂರು ಅಂಕ) ಕಿಕ್ ಮಾಡಿತು. ಒಳಗೆ ಹೋಗಿದ್ದರೆ ಒಂಬತ್ತು ಅಂಕದ ಅಂತರ, ಒಂದು ಟಚ್‌ಡೌನ್‌ಗೆ ಸಿಗುವಂಥದ್ದಲ್ಲ. ಮೇರಿಲ್ಯಾಂಡ್ ಆಟಗಾರನ ಕೈ ಆ ಬಾಲ್‌ಗೆ ಅಡ್ಡ ಬಂತು. ಆ ಹೊತ್ತಿಗೆ ಡಿಫೆನ್ಸ್ ಸೈಡ್‌ಲೈನಿನಲ್ಲಿ ನಿಂತಿತ್ತು.